ಗೌರಿ ಹಬ್ಬದ ದಿನ ಪಾರ್ಕು ನೋಡಲು ಹೋದದ್ದು

ಕೊಡಗಿನವರು ಕೊಡಗನ್ನು ನೋಡುವುದು ನೆಂಟರು ಬಂದಾಗ ಮಾತ್ರ. ನೆಂಟರಿಲ್ಲದಿದ್ದರೆ ನಮಗೆ ರಾಜಾಸೀಟೂ ಬೇಡ, ಜಲಪಾತವೂ ಬೇಡ, ಆನೆಯೂ ಬೇಡ. ಆನೆಯಂತೂ ಕರೆಯದಿದ್ದರೂ ತೋಟಕ್ಕೇ ಬರುತ್ತದೆ. ನಾನು ಮೂವತ್ತು ವರ್ಷ ಪ್ರೈಮರಿ ಶಾಲೆಯಲ್ಲಿ ಟೀಚರ್ ಆಗಿದ್ದವಳು. ವರ್ಷಕ್ಕೊಮ್ಮೆ ಮಕ್ಕಳ ಪ್ರವಾಸ, ಉಳಿದಂತೆ ರಜೆ ಬಂದಾಗಲೆಲ್ಲ ನೆಂಟರ ಪ್ರವಾಸ. ಮಕ್ಕಳಾದರೆ ಸೀಟಿ ಊದಿದರೆ ಸಾಲಾಗಿ ನಿಲ್ಲುತ್ತಾರೆ, ನೆಂಟರು ಅದಕ್ಕೂ ಇಲ್ಲ. ಹೀಗೆ ಸುತ್ತಿ ಸುತ್ತಿ ಈ ಜಿಲ್ಲೆಯ ಪಾರ್ಕುಗಳ ಒಂದೊಂದು ಸಿಮೆಂಟ್ ಜಿಂಕೆಯ ಮುಖವೂ ನನಗೆ ಗುರುತು. ಯಾವುದಕ್ಕೆ ಕಿವಿ ಹೋಗಿದೆ, ಯಾವುದರ ಕೊಂಬಿಗೆ ಯಾರು ಬನಿಯನ್ ಒಣಗಲು ಹಾಕುತ್ತಾರೆ ಎಂದು ಬೇಕಾದರೆ ಹೇಳಬಲ್ಲೆ.

ಅಂಥವಳಿಗೆ ನನ್ನ ಗಂಡ ಗೌರಿ ಹಬ್ಬದ ಹಿಂದಿನ ದಿನ ಬಂದು, ಮೆಲ್ಲಗೆ, ಬಚ್ಚಲುಮನೆಯ ಬಾಗಿಲಲ್ಲಿ ನಿಂತು ಹೇಳಿದರು:

"ನಾಳೆ ಅಕ್ಕನ್ನ ಕಾರಲ್ಲಿ ಕೂರಿಸ್ಕೊಂಡು ಎಲ್ಲಾದ್ರೂ ಪಾರ್ಕು ಗೀರ್ಕು ತೋರಿಸ್ಕೊಂಡು ಬಾ. ಸಾಯಂಕಾಲ ಐದರ ಒಳಗೆ ಮಾತ್ರ ಬರ್ಬೇಡ."

"ಹಬ್ಬದ ದಿನ ಪಾರ್ಕಾ?"

"ಕೆರೆ ಹತ್ರ ಬಂದು ನಿಂತ್ಕೊಂಡ್ರೆ ಅವ್ಳಿಗೇ ಬೇಜಾರು. ಯಾರಾದ್ರೂ ಒಂದು ಮಾತು ಅಂದ್ರೆ?"

ಅಕ್ಕ ಎಂದರೆ ನನ್ನ ಅತ್ತಿಗೆ, ಅವರ ಸ್ವಂತ ಅಕ್ಕ. ಅರಕಲಗೂಡಿನ ಕಡೆ ಕೊಟ್ಟ ಹೆಣ್ಣು. ನಮ್ಮ ಊರಿನ ಕೆರೆಯನ್ನು ಈ ಮನೆಯ ಹಿರಿಯರು ಕಟ್ಟಿಸಿದರೆಂದು ಹೇಳುತ್ತಾರೆ. ಅದಕ್ಕೇ ಗೌರಿ ಹಬ್ಬದಂದು ಊರಿನ ಹೆಂಗಸರು ಕೆರೆಗೆ ಬಾಗಿನ ಬಿಡುವಾಗ ಮೊದಲ ಮೊರ ಈ ಮನೆಯ ಮಗಳದು, ಸೊಸೆಯದಲ್ಲ. ಒಂದು ಮೊರದಲ್ಲಿ ಅಕ್ಕಿ, ಬೇಳೆ, ಬೆಲ್ಲ, ಬಳೆ, ಅರಿಶಿನ ಕುಂಕುಮ, ರವಿಕೆ ಕಣ ಇಟ್ಟು, ಮೇಲೊಂದು ಮೊರ ಕವುಚಿ, ದಾರ ಸುತ್ತಿ ತೇಲಿಬಿಡುವುದು. ಮದುವೆಯಾದ ವರ್ಷದಿಂದ ಅತ್ತಿಗೆ ಒಂದು ಹಬ್ಬವನ್ನೂ ತಪ್ಪಿಸಿದವರಲ್ಲ. ಮೊರಗಳನ್ನೂ ತಾವೇ ತರುತ್ತಿದ್ದರು, ಅವರ ಕಡೆಯ ಸಂತೆಯಲ್ಲಿ ಮೇದರ ಹೆಂಗಸಿನ ಹತ್ತಿರ ಕೂತು ಆರಿಸಿ. ಬಸ್ಸಿನಲ್ಲಿ ತಲೆಯೆತ್ತರ ಮೊರದ ಕಟ್ಟು ಹಿಡಿದುಕೊಂಡು ಬರುತ್ತಿದ್ದ ಅವರನ್ನು ಕಂಡು ನಾನು ಎಷ್ಟೋ ಸಲ ನಕ್ಕಿದ್ದೇನೆ.

ಹೋದ ದೀಪಾವಳಿ ಕಳೆದ ಮೇಲೆ ಅವರ ಯಜಮಾನರು ತೀರಿಕೊಂಡರು. ಬಾಗಿನ ಮುತ್ತೈದೆಯರದು. ಆದ್ದರಿಂದ ಈ ಸಲ ಮೊದಲ ಮೊರವನ್ನು ನನ್ನ ಓರಗಿತ್ತಿ, ಅಂದರೆ ಮೈದುನನ ಹೆಂಡತಿ ಬಿಡುವುದೆಂದು ಅಣ್ಣತಮ್ಮಂದಿರು ಸೇರಿ ತೀರ್ಮಾನಿಸಿದ್ದರು. ಅತ್ತಿಗೆಯನ್ನು ಕೇಳಿದವರಿಲ್ಲ.

"ಲಿಂಗ ಕಟ್ಟಿದವ್ರಿಗೆ ಸೂತಕ ಇಲ್ಲ ಅಂತ ಮೈಕ್ ಹಿಡ್ಕೊಂಡು ಕೂಗಿದ್ದು ಯಾರು?" ಎಂದು ನಾನು ಗಂಡನನ್ನು ಕೇಳಿದೆ. ಪ್ರತಿವರ್ಷ ಸಮುದಾಯ ಭವನದಲ್ಲಿ ಈ ವಿಷಯದ ಮೇಲೆ ಅವರದೊಂದು ಭಾಷಣ ಇದ್ದೇ ಇರುತ್ತದೆ. ಹೆಂಗಸರಿಗೆ ಕಣ್ಣೀರು ಬರುವ ಹಾಗೆ ಮಾತಾಡುತ್ತಾರೆ, ಆಮೇಲೆ ಶಾಲು ಹೊದ್ದು ಫೋಟೋ ತೆಗೆಸಿಕೊಳ್ಳುತ್ತಾರೆ.

"ಅದು ಸಭೆ. ಇದು ಊರು," ಎಂದರು.

ಓದುವುದು ಶಾಸ್ತ್ರ, ಇಕ್ಕುವುದು ಗಾಳ. ಅಷ್ಟು ಮನಸ್ಸಿನಲ್ಲೇ ಅಂದುಕೊಂಡು ಸುಮ್ಮನಾದೆ. ಮನಸ್ಸಿನಲ್ಲಿ ಬೈಯುವುದರಲ್ಲಿ ನಾನು ಬಹಳ ಗಟ್ಟಿ. ಬೆಳಗ್ಗೆ ಕಾರಿನ ಕೀ ತೆಗೆದುಕೊಂಡವಳೂ ನಾನೇ.

ಅತ್ತಿಗೆ ಒಳ್ಳೆಯ ರೇಷ್ಮೆ ಸೀರೆ ಉಟ್ಟು, ಶಾಲು ಹೊದ್ದು, ಬಾಗಿದ ಹಿಡಿಯ ಗಂಡಸರ ಕೊಡೆಯೊಂದನ್ನು ಹಿಡಿದು ಬಂದರು. ಕೊಡೆ ಅವರ ಯಜಮಾನರದು. "ಹಬ್ಬದ ದಿನ ಟೂರು. ನಮ್ಮ ಕಾಲದಲ್ಲಿ ಇಂಥದ್ದು ಎಲ್ಲಿತ್ತೇ ಮಾರಾಯ್ತಿ!" ಎಂದು ನಗುತ್ತಾ ಹತ್ತಿದರು. ಮಾದಾಪುರ ದಾಟುವವರೆಗೂ ತೋಟಗಳಲ್ಲಿ ಕಾಫಿ ಹೇಗೆ ಕಾಯಿ ಕಚ್ಚಿದೆ ಎಂಬುದೊಂದೇ ಮಾತು. ಅವರಿಗೆ ಏನೂ ಗೊತ್ತಿಲ್ಲ ಎಂದು ನಾನು ನಿರಾಳವಾಗಿ ಗೇರ್ ಹಾಕುತ್ತಿದ್ದೆ.

ಮಡಿಕೇರಿಯ ರಾಜಾಸೀಟಿನಲ್ಲಿ ಮಂಜು ಬಿಟ್ಟರೆ ಬೇರೇನೂ ಇರಲಿಲ್ಲ. ಆದರೂ ಕಟಕಟೆಯ ಉದ್ದಕ್ಕೂ ಜನ. ಮಂಜಿಗೆ ಬೆನ್ನು ಮಾಡಿ, ಫೋನು ಎತ್ತಿ, ತುಟಿ ಮುಂದೆ ಮಾಡಿ ನಗುವವರು. ಇಡೀ ರಾತ್ರಿ ಗಾಡಿ ಓಡಿಸಿಕೊಂಡು ಬಂದು ತಮ್ಮ ಮುಖವನ್ನೇ ನೋಡಿಕೊಂಡು ಹೋಗುವವರು. ಒಬ್ಬಾತ ಹೆಂಡತಿಗೆ, "ಇಲ್ಲಿ ವ್ಯೂ ಸೂಪರ್ ಅಂತೆ," ಎನ್ನುತ್ತಿದ್ದ. ಅವನ ಎದುರಿಗೆ ಒಂದು ಮರವೂ ಕಾಣುತ್ತಿರಲಿಲ್ಲ.

ರಾಜರು ರಾಣಿಯರ ಜೊತೆ ಕೂತು ಸಂಜೆ ಸೂರ್ಯ ಮುಳುಗುವುದನ್ನು ನೋಡುತ್ತಿದ್ದ ಜಾಗವಂತೆ ಇದು. ಮಕ್ಕಳಿಗೆ ಈ ಪಾಠವನ್ನು ಎಷ್ಟು ಸಲ ಒಪ್ಪಿಸಿದ್ದೇನೋ. ಆಗೊಮ್ಮೆ ಒಬ್ಬಳು ಹುಡುಗಿ ಎದ್ದು, "ಟೀಚರ್, ರಾಜಂಗೆ ಮನೇಲಿ ಜಗಲಿ ಇರ್ಲಿಲ್ವಾ?" ಎಂದು ಕೇಳಿದ್ದಳು. ಈ ಮಂಟಪದ ಬಗ್ಗೆ ನಾನು ಕೇಳಿದ ಬುದ್ಧಿಯ ಮಾತು ಅದೊಂದೇ. ಇದನ್ನು ಹೇಳಿ ಅತ್ತಿಗೆಯನ್ನು ನಗಿಸಲು ಹೋದೆ. ಅವರು ಮಂಟಪದ ಕಲ್ಲಿನ ಮೇಲೆ ಕೈಯಿಟ್ಟು ಮಂಜನ್ನೇ ನೋಡುತ್ತಿದ್ದರು.

"ಗಂಟೆ ಎಷ್ಟಾಯ್ತೇ?"

"ಹನ್ನೊಂದೂವರೆ."

"ಹಂಗಾದ್ರೆ ಮೊರಕ್ಕೆ ಅರಿಶಿನ ಹಚ್ತಿರ್ತಾರೆ."

ಕೇಳಿಸದವಳ ಹಾಗೆ ನಾನು ಚುರುಮುರಿ ಬೇಕಾ ಎಂದೆ. ಬೇಡ ಎಂದರು. ಎರಡು ಪೊಟ್ಟಣ ತಂದೆ. ತಪ್ಪು ಮಾಡುತ್ತಿರುವವಳಿಗೆ ಕೈ ಸುಮ್ಮನಿರುವುದಿಲ್ಲ.

ಘಾಟಿ ಇಳಿದು ಕುಶಾಲನಗರದ ಕಡೆಗೆ ಬಂದೆವು. ಅಲ್ಲಿ ನದಿ ನಡುವಿನ ದ್ವೀಪವೊಂದನ್ನು ಪಾರ್ಕು ಮಾಡಿದ್ದಾರೆ, ತುಂಬ ಬಿದಿರು. ತೂಗುಸೇತುವೆಯ ಮೇಲೆ ಬೇಕೆಂದೇ ಕುಣಿದು ಹೆಂಗಸರನ್ನು ಕಿರುಚಿಸುವ ಗಂಡಸರ ಜಾತಿಯೊಂದಿದೆ. ನನ್ನ ಮೊದಲ ಪ್ರವಾಸದಿಂದ ಇವತ್ತಿನವರೆಗೆ ಆ ಜಾತಿಗೆ ಬುದ್ಧಿ ಬಂದಿಲ್ಲ. ನಾನು ನಿಂತು, ಶಾಲೆಯ ದನಿಯಲ್ಲಿ, "ಏಯ್!" ಎಂದೆ. ಮೀಸೆ ಹೊತ್ತವರೆಲ್ಲ ಕೈಕಟ್ಟಿ ನಿಂತರು. ಅತ್ತಿಗೆ ಆಗ ಮಾತ್ರ ನಿಜವಾಗಿ ನಕ್ಕರು.

ಒಳಗೆ ಹೋದರೆ ಹಾದಿಯ ಎರಡೂ ಬದಿ ಬಿದಿರುಮೆಳೆ. ಕೈಗೆ ಸಿಕ್ಕಿದ ಬಿದಿರಿನ ಮೇಲೆಲ್ಲ ಪ್ರೇಮಿಗಳು ಹೆಸರು ಕೊರೆದು ಬಿಟ್ಟಿದ್ದಾರೆ. ಮನೆಯಲ್ಲಿ ಹೇಳಲು ಧೈರ್ಯವಿಲ್ಲದ್ದನ್ನು ಬಿದಿರಿಗೆ ಹೇಳುವ ಶೂರರು. ನಾನು ಅದನ್ನು ಓದಿ ಓದಿ ಹೀಗಳೆಯುತ್ತಿದ್ದೆ. ಅತ್ತಿಗೆ ಒಂದು ಬಲಿತ ಬಿದಿರಿನ ಗೆಣ್ಣಿನ ಮೇಲೆ ಬೆರಳು ಆಡಿಸುತ್ತಾ ನಿಂತರು.

"ಇದ್ರಲ್ಲಿ ಎಷ್ಟು ಮೊರ ಆಗ್ತಿತ್ತೇ," ಎಂದರು.

ನಾನು ಪಕ್ಕದ ಬಿದಿರಿನ ಮೇಲಿನ ಹೆಸರು ಓದಲು ಹೋದೆ.

"ನಿನ್ನ ಗಂಡ ಹೋದ ವಾರ ಫೋನ್ ಮಾಡಿದ್ದ. ಈ ಸಲ ಮೊರ ತರೋದು ಬೇಡ ಅಕ್ಕ, ನಿಂಗ್ಯಾಕೆ ತೊಂದ್ರೆ, ಇಲ್ಲೇ ಸಿಗುತ್ತೆ ಅಂದ. ಇಷ್ಟು ವರ್ಷ ಇಲ್ದಿದ್ದ ತೊಂದ್ರೆ ಈಗ ಬಂತಾ ಅಂತ ಆಗ್ಲೇ ಗೊತ್ತಾಯ್ತು ನಂಗೆ."

"ಮತ್ತೆ ಯಾಕೆ ಬಂದ್ರಿ ಅತ್ತಿಗೆ, ನನ್ ಜೊತೆ?"

"ನೀನಾದ್ರೂ ದಾರೀಲಿ ಹೇಳ್ತೀಯೇನೋ ಅಂತ." ಬಿದಿರಿನಿಂದ ಕೈ ತೆಗೆದರು. "ಇನ್ನೂ ಎಷ್ಟು ಪಾರ್ಕು ಉಳ್ದಿದಾವೆ?"

"ಒಂದು. ಅಣೆಕಟ್ಟಿನ ಕೆಳಗೆ."

"ಅದನ್ನ ನೀನೇ ನೋಡ್ಕೊಂಡು ಬಾ. ನಾನು ಬಸ್ಸಲ್ಲಿ ಹೋಗ್ತೀನಿ. ಮೊರ ಮುಟ್ಟೋಕೆ ಬಿಡ್ದಿದ್ರೆ ಬೇಡ. ಹೋಗೋದನ್ನ ನೋಡ್ಬೇಕು."

ನನಗೆ ನಾಚಿಕೆಯಾಯಿತು. ತುಂಬ ನಾಚಿಕೆಯಾಯಿತು. ಬೆಳಗಿನಿಂದ ಫೋಟೋದವರಿಗೆ, ರಾಜನಿಗೆ, ಪ್ರೇಮಿಗಳಿಗೆ ಬೈದದ್ದೆಲ್ಲ ಈ ಒಂದು ಮಾತನ್ನು ಹೇಳದೆ ತಪ್ಪಿಸಿಕೊಳ್ಳಲು ಎಂದು ಅಲ್ಲೇ ಅರ್ಥವಾಯಿತು. ಬಸ್ಸು ಬೇಡ, ಹತ್ತಿ ಎಂದೆ. ಸೋಮವಾರಪೇಟೆಯ ರಸ್ತೆಯಲ್ಲಿ ಹಬ್ಬದ ದಿನವೂ ಶುಂಠಿ ಲಾರಿಗಳು. ಒಂದರ ಹಿಂದೆ ಸಿಕ್ಕಿಕೊಂಡು ಅರ್ಧ ಗಂಟೆ ಹೋಯಿತು. ಅತ್ತಿಗೆ ಮತ್ತೆ ಗಂಟೆ ಕೇಳಲಿಲ್ಲ.

ಕೆರೆ ತಲುಪಿದಾಗ ನಾಲ್ಕೂವರೆ. ಎಲ್ಲ ಮುಗಿದು ಜನ ಹೋಳಿಗೆ ಊಟಕ್ಕೆ ಮನೆ ಸೇರಿದ್ದರು. ಏರಿಯ ಮೇಲೆ ಹೂವಿನ ಎಸಳು, ಊದುಬತ್ತಿಯ ಕಡ್ಡಿ, ತುಳಿದ ಬಾಳೆಹಣ್ಣು.

ಈ ಕೆರೆಯನ್ನೂ ಎರಡು ವರ್ಷದ ಹಿಂದೆ ಅಭಿವೃದ್ಧಿ ಮಾಡಿದ್ದಾರೆ. ಕಮಾನು, ಕೂತರೆ ಬೆನ್ನು ಹಿಡಿಯುವ ಬೆಂಚು, ಕಬ್ಬಿಣದ ಬೇಲಿ, ಏನೇನು ಮಾಡಬಾರದು ಎಂದು ಬರೆದ ದೊಡ್ಡ ಫಲಕ. ಕಾರು ನಿಲ್ಲಿಸಲು ಎಲ್ಲಿ ಅನುಕೂಲವೋ ಅಲ್ಲಿ ನೀರಿಗೆ ಇಳಿಯುವ ಹೊಸ ಮೆಟ್ಟಿಲು. ಊರಿನವರು ಅದನ್ನು ನೋಡಿ ಹಿಗ್ಗಿದ್ದೇ ಹಿಗ್ಗಿದ್ದು. ಈ ಸಲ ಓರಗಿತ್ತಿ ಮೊದಲ ಮೊರವನ್ನು ಆ ಮೆಟ್ಟಿಲಿನಿಂದಲೇ ಬಿಟ್ಟಿದ್ದಳು. ಅವಳ ಹಿಂದೆ ಉಳಿದವರೂ ಬಿಟ್ಟಿದ್ದರು. ಆ ಮೂಲೆಯಲ್ಲಿ ನೀರಿಗೆ ಸೆಳೆತವಿಲ್ಲ. ಮೊರಗಳೆಲ್ಲ ಹೋಗದೆ ಮೆಟ್ಟಿಲಿಗೇ ಬಂದು ಒತ್ತಿಕೊಂಡಿದ್ದವು. ಕೆಲವು ಆಗಲೇ ಅಡ್ಡಬಿದ್ದು ಅಕ್ಕಿ ನೀರುಪಾಲಾಗಿತ್ತು. ಅತ್ತಿಗೆ ಯಾವಾಗಲೂ ಆಚೆ ತುದಿಯಲ್ಲಿ, ಹಳ್ಳ ಬಂದು ಕೆರೆಗೆ ಸೇರುವಲ್ಲಿರುವ ಹಾಸುಗಲ್ಲಿನ ಮೇಲೆ ನಿಂತು ಬಿಡುತ್ತಿದ್ದರು. ಅಲ್ಲಿ ನೀರು ತಾನೇ ಕರೆದುಕೊಂಡು ಹೋಗುತ್ತದೆ. ಯಾಕೆ ಅಲ್ಲೇ ಎಂದು ಇಷ್ಟು ವರ್ಷದಲ್ಲಿ ನಾವು ಯಾರೂ ಕೇಳಿರಲಿಲ್ಲ.

ಅತ್ತಿಗೆ ಚಪ್ಪಲಿ ಬಿಟ್ಟು ಮೆಟ್ಟಿಲಿಳಿದರು. ನಮ್ಮ ಮನೆಯ ಮೊರ ಯಾವುದೆಂದು ಅವರಿಗೆ ಹೇಳಬೇಕಾಗಲಿಲ್ಲ, ಅಂಚಿನಲ್ಲಿ ಹಿಂದಿನ ರಾತ್ರಿ ಮನೆಯಲ್ಲಿ ಕಂಡಿದ್ದ ಓರಗಿತ್ತಿಯ ಹಸಿರು ರವಿಕೆ ಕಣ ಇಣುಕುತ್ತಿತ್ತು. ಕೊಡೆಯ ಬಾಗಿದ ಹಿಡಿಯಿಂದ ಅದನ್ನು ಹತ್ತಿರಕ್ಕೆ ಎಳೆದು, ಎರಡೂ ಕೈಯಲ್ಲಿ ಎತ್ತಿದರು. "ಏನು ಮೊರ ತಂದಿದಾವೆ ಇವು, ಹೆಣಿಗೆನೇ ಸಡ್ಲ," ಎಂದು ಗೊಣಗಿದರು. ಆಮೇಲೆ ಬೇಲಿಗುಂಟ ನಡೆದು ಹಾಸುಗಲ್ಲಿನ ಕಡೆ ಹೋದರು. ನೀರು ತೊಟ್ಟಿಕ್ಕಿ ರೇಷ್ಮೆ ಸೀರೆ ಒದ್ದೆಯಾಗುತ್ತಿತ್ತು. ಕಲ್ಲಿನ ಮೇಲೆ ಕೂತು, ರೂಢಿಯ ಹಾಗೆ ಮೊರಕ್ಕೆ ಸೆರಗು ಮುಚ್ಚಿ, ನೀರಿಗಿಟ್ಟು, ಸೆರಗು ತೆಗೆದರು. ಮೊರ ಒಂದು ಸುತ್ತು ತಿರುಗಿ, ಹಳ್ಳದ ನೀರಿನ ಜೊತೆ ನಡುಕೆರೆಯ ಕಡೆಗೆ ಹೊರಟಿತು.

ಇದನ್ನೆಲ್ಲ ನಾನು ಪೂರ್ತಿ ನೋಡಿದೆ ಎನ್ನಲಾರೆ. ನಾನು ಏರಿಯ ಮೇಲೆ ನಿಂತು, ಊರಿನ ಕಡೆಯಿಂದ ಯಾರಾದರೂ ಬರುತ್ತಾರೇನೋ ಎಂದು ರಸ್ತೆಯನ್ನೇ ಕಾಯುತ್ತಿದ್ದೆ. ಕಾಯುತ್ತಿರು ಎಂದು ಅತ್ತಿಗೆ ಹೇಳಿರಲಿಲ್ಲ. ಅದು ನನ್ನದೇ ಬುದ್ಧಿ. ಗಂಡನ ಭಾಷಣವನ್ನು ಹೀಗಳೆದ ಬಾಯಿಯವಳ ಬುದ್ಧಿ.

ಅತ್ತಿಗೆ ಕಲ್ಲಿನಿಂದ ಎದ್ದು, ಒದ್ದೆ ಸೆರಗು ಹಿಂಡುತ್ತಾ ನನ್ನ ಕಡೆ ನೋಡಿದರು. ನಾನು ಎತ್ತ ಮುಖ ಮಾಡಿ ನಿಂತಿದ್ದೇನೆಂದು ಅವರಿಗೆ ಕಂಡಿತು.

"ರಸ್ತೆಯಲ್ಲೇನು ನೋಡ್ತಿದ್ದೀಯೇ?" ಎಂದು ಅಲ್ಲಿಂದಲೇ ಕೂಗಿದರು. "ಅಲ್ಲೂ ಒಂದು ಪಾರ್ಕು ಐತಾ?"