ಕಾಣದ ಮೋಟಾರು, ಕಾಗಾಲದ ತೆಂಗಿನಮರ

2022ರಲ್ಲಿ ನಾನು ಕುಮಟಾದಲ್ಲಿ ಮೋಟಾರ್ ರಿವೈಂಡಿಂಗ್ ಅಂಗಡಿ ನಡೆಸುತ್ತಿದ್ದೆ. ಸುಟ್ಟುಹೋದ ಪಂಪ್‌ಸೆಟ್ಟಿನ ಒಳಗಿನ ತಾಮ್ರದ ತಂತಿ ಬಿಚ್ಚಿ ಹೊಸದನ್ನು ಸುತ್ತುವುದು ಇಪ್ಪತ್ತಾರು ವರ್ಷಗಳಿಂದ ನನ್ನ ಕಸುಬು. ಪೆಟ್ರೋಲ್ ದರ ಏರಿದ ಮೇಲೆ ಮಾಮೂಲಿ ಸೈಕಲ್ಲಿಗೆ ಮೋಟಾರು ಕೂರಿಸಿಕೊಡಿ ಎನ್ನುವವರೂ ಬರತೊಡಗಿದ್ದರು. ಆ ವರ್ಷದ ಮಳೆ ನಿಲ್ಲುವ ಹೊತ್ತಿಗೆ ನಾಲ್ಕು ಸೈಕಲ್ಲಿಗೆ ಕಿಟ್ ಹಾಕಿದ್ದೆ. ಐದನೆಯದು ಮಾದೇವನದು.

ಕುಮಟಾ ಹತ್ತಿರದ ಕಾಗಾಲ ಊರಿನ ಮಾದೇವನಿಗೆ ಆಗ ನಲವತ್ತೈದರ ಆಸುಪಾಸು. ಒಂದು ಮಧ್ಯಾಹ್ನ ಹಳೆಯ ಕಪ್ಪು ಸೈಕಲ್ಲನ್ನು ತಳ್ಳಿಕೊಂಡು ಬಂದ. ಬೇರೆ ಗಿರಾಕಿಗಳು ಹೋಗುವವರೆಗೂ ಹೊರಗೆ ನಿಂತಿದ್ದು, ಆಮೇಲೆ ಒಳಬಂದು ದನಿ ತಗ್ಗಿಸಿ ಹೇಳಿದ:

“ಸುಬ್ರಾಯಣ್ಣ, ಕಡಿಮೆ ರೇಟಿಂದು ಬೇಕು. ಆದ್ರೆ ಮೋಟಾರ್ ಉಂಟು ಅಂತ ಯಾರಿಗೂ ಕಾಣ್ಬಾರ್ದು. ಶಬ್ದನೂ ಬರ್ಬಾರ್ದು.”

ಊರವರು ನಗುತ್ತಾರೆಂಬ ನಾಚಿಕೆ ಇರಬೇಕು ಎಂದುಕೊಂಡೆ. ಕಾರಣ ಕೇಳಲಿಲ್ಲ. ನಿಜ ಹೇಳಬೇಕೆಂದರೆ, ಕೇಳುವ ವ್ಯವಧಾನ ನನಗಿರಲಿಲ್ಲ. ಇಂಥದ್ದನ್ನು ಮಾಡಿ ತೋರಿಸಬೇಕು ಎಂಬ ಹುರುಪು ಅಷ್ಟು ಹೊತ್ತಿಗೆ ತಲೆಗೇರಿತ್ತು.

ಎಲ್ಲಕ್ಕಿಂತ ಅಗ್ಗದ್ದು, ಹಿಂಬದಿಯ ಪಕ್ಕಕ್ಕೆ ಮೋಟಾರು ಕಟ್ಟಿ ಬೇರೆ ಚೈನಿನಿಂದ ಚಕ್ರ ತಿರುಗಿಸುವ ಕಿಟ್. ಅದರ ಕಟಕಟ ಅರ್ಧ ಫರ್ಲಾಂಗಿಗೆ ಕೇಳುತ್ತದೆ. ಪೆಡಲಿನ ಬಳಿ ಕೂರುವ ಮಿಡ್-ಡ್ರೈವ್ ಚೆನ್ನ, ಆದರೆ ಬೆಲೆ ಹೆಚ್ಚು. ಹಳೆಯ ಸೈಕಲ್ಲಿನ ಚೌಕಟ್ಟಿಗೆ ಸರಿಯಾಗಿ ಹೊಂದುವುದೂ ಇಲ್ಲ. ಚಕ್ರದ ನಡುವೆಯೇ ಕೂರುವ ಹಬ್ ಮೋಟಾರಿನಲ್ಲಿ ಎರಡು ಬಗೆ. ಒಳಗೆ ಗೇರ್ ಇಲ್ಲದ್ದು ಊಟದ ತಟ್ಟೆಯಷ್ಟು ಅಗಲ, ನೋಡಿದ ಕೂಡಲೇ ಗೊತ್ತಾಗುತ್ತದೆ. ಗೇರ್ ಇರುವುದು ತೆಂಗಿನ ಕರಟದಷ್ಟೇ ದಪ್ಪ, ತೂಕ ಮೂರು ಕಿಲೋ ಒಳಗೆ. ಭಟ್ಕಳದ ನನ್ನ ಪರಿಚಯದ ವ್ಯಾಪಾರಿಯಿಂದ ಅದನ್ನೇ ತರಿಸಿದೆ: 250 ವಾಟ್, 36 ವೋಲ್ಟ್. ಬ್ಯಾಟರಿಯೂ ಸೇರಿ ಹತ್ತೊಂಬತ್ತು ಸಾವಿರಕ್ಕೆ ಕೂತಿತು.

ಮೋಟಾರನ್ನು ಮುಂದಿನ ಚಕ್ರಕ್ಕೆ ಹಾಕಿ ಕಪ್ಪು ಬಣ್ಣ ಬಳಿದೆ. ಅದರ ಎಳೆತಕ್ಕೆ ಚಕ್ರದ ಆಕ್ಸಲ್ ತಿರುಗಿ, ಅದನ್ನು ಹಿಡಿದಿರುವ ಫೋರ್ಕಿನಿಂದ ಕಳಚಿದರೆ ಸವಾರ ಮುಗ್ಗರಿಸಿ ಬೀಳುತ್ತಾನೆ. ಹಾಗಾಗದಂತೆ ಎರಡೂ ಬದಿಗೆ ಉಕ್ಕಿನ ಪಟ್ಟಿ ಬಿಗಿದೆ. ಚೌಕಟ್ಟಿನ ನಡುವೆ ನೇತುಬಿಟ್ಟ ಕ್ಯಾನ್ವಾಸ್ ಚೀಲದೊಳಗೆ ಬ್ಯಾಟರಿ ಅಡಗಿತು. ಹ್ಯಾಂಡಲ್ಲಿಗೆ ತಿರುಚಿ ವೇಗ ಕೊಡುವ ಥ್ರಾಟಲ್ ಹಾಕದೆ ಪೆಡಲ್ ಸೆನ್ಸರ್ ಹಾಕಿದೆ. ಪೆಡಲು ಹಗುರವಾಗಿ ತಿರುಗಿದರೆ ಸಾಕು, ಮೋಟಾರು ತಾನೇ ಎಳೆಯುತ್ತದೆ. ನೋಡುವವರಿಗೆ ಸವಾರನೇ ತುಳಿಯುತ್ತಿರುವಂತೆ ಕಾಣುತ್ತದೆ. ಪಕ್ಕದ ಸೈಕಲ್ ಅಂಗಡಿಯವನನ್ನು ಕರೆದು ಹತ್ತಿರದಿಂದ ತೋರಿಸಿದೆ. ಅವನಿಗೂ ಗೊತ್ತಾಗಲಿಲ್ಲ. ಅಂದು ನನಗೆ ಬಹಳ ಹೆಮ್ಮೆಯಾಯಿತು.

ಎಂಟು ದಿನ ಬಿಟ್ಟು ಮಾದೇವ ಸೈಕಲ್ ಒಯ್ಯಲು ಬಂದ. ರಸ್ತೆಯಲ್ಲಿ ಒಂದು ಸುತ್ತು ಹೊಡೆದು ಬರುವಾಗ ಅವನ ಎಡಗಾಲಿನ ಚಪ್ಪಲಿ ಕಳಚಿ ಬಿತ್ತು. ಅವನು ಹಾಗೇ ಬಂದು ಅಂಗಡಿಯ ಮುಂದೆ ಇಳಿದ. ಬರಿಗಾಲು ಜಲ್ಲಿಯ ಮೇಲಿತ್ತು. ಅವನಿಗೆ ಅದರ ಅರಿವೇ ಇರಲಿಲ್ಲ.

“ಮಾದೇವ, ಚಪ್ಪಲಿ ಎಲ್ಲಿ?” ಎಂದೆ.

ಅವನು ಕಾಲು ನೋಡಿಕೊಂಡ. “ಎಡಗಾಲು ಒಂದೊಂದ್ಸಲ ಹಾಗೇ. ತೊಡೆಯಿಂದ ಕೆಳಗೆ ಮರಗಟ್ಟಿ ಹೋಗ್ತದೆ,” ಎಂದ.

“ಮತ್ತೆ ಇದನ್ನ ಮುಚ್ಚಿಡೂದು ಎಂತಕ್ಕೆ?”

“ಸೈಕಲ್ ತುಳಿಯೂಕೆ ಆಗದವನನ್ನ ತೆಂಗಿನಮರ ಹತ್ತೂಕೆ ಯಾರು ಕರೀತಾರೆ, ಸುಬ್ರಾಯಣ್ಣ?”

ಅವನು ಕಾಯಿ ಕೊಯ್ಯುವವನೆಂದು ನನಗೆ ತಿಳಿದದ್ದು ಆಗಲೇ. ಮೊದಲು ಡಾಕ್ಟರಿಗೆ ತೋರಿಸು ಎಂದೆ. “ಈ ಹಂಗಾಮು ಮುಗೀಲಿ,” ಎಂದ. ಮನೆಯವರಿಗೂ ಹೇಳಿಲ್ಲ, ನೀವೂ ಯಾರಿಗೂ ಹೇಳಬೇಡಿ ಎಂದು ಕೈ ಹಿಡಿದುಕೊಂಡ. ನಾನು ಹೂಂ ಅಂದುಬಿಟ್ಟೆ. ಸೈಕಲ್ ಸದ್ದಿಲ್ಲದೆ ತಿರುವಿನಲ್ಲಿ ಮರೆಯಾಯಿತು.

ಆವತ್ತಿನಿಂದ ನನ್ನನ್ನು ಹೆದರಿಕೆ ಹಿಡಿದುಕೊಂಡಿತು. ಕಾಗಾಲದ ಕಡೆಯವರು ಯಾರು ಅಂಗಡಿಗೆ ಬಂದರೂ ಮೊದಲು ಅವರ ಮುಖ ನೋಡುತ್ತಿದ್ದೆ. ಪತ್ರಿಕೆಯಲ್ಲಿ ‘ಮರದಿಂದ ಬಿದ್ದು’ ಎಂಬ ಎರಡು ಪದ ಕಂಡರೆ ಮೊದಲು ಊರಿನ ಹೆಸರು ಹುಡುಕಿ ಓದುತ್ತಿದ್ದೆ. ಮಾದೇವನಿಗೆ ಫೋನ್ ಮಾಡಿದರೆ “ಸೈಕಲ್ ಬೆಸ್ಟ್ ಉಂಟು” ಎಂದು ಇಟ್ಟುಬಿಡುತ್ತಿದ್ದ. ಅವನ ಮನೆಗೆ ಹೋಗಿ ಹೇಳಿಬಿಡಲೇ ಎಂದು ಎರಡು ಬಾರಿ ಹೊರಟು, ಎರಡು ಬಾರಿಯೂ ಕೊಟ್ಟ ಮಾತಿನ ನೆಪ ಹೇಳಿಕೊಂಡು ವಾಪಸು ಬಂದೆ.

ಆರನೆಯ ವಾರ ಕಾಗಾಲದಲ್ಲಿರುವ ನನ್ನ ತಂಗಿ ಶಾರದೆ ಬೇರೇನೋ ವಿಷಯಕ್ಕೆ ಫೋನ್ ಮಾಡಿದಳು. ಮಾತಿನ ನಡುವೆ, “ನಾಳೆ ನಮ್ಮಲ್ಲಿ ಕಾಯಿ ಕೊಯ್ಲು ಅಣ್ಣ. ಮಾದೇವ ಅಂತ, ಎಂಥಾ ಗಟ್ಟಿ ಜನ ಗೊತ್ತುಂಟಾ? ನಮ್ಮನೆ ಎದುರಿನ ಏರನ್ನ ಸೈಕಲ್ಲಿಂದ ಇಳೀದೇ ಹತ್ತಿ ಬರ್ತಾನೆ. ಅದನ್ನ ನೋಡೇ ನಮ್ಮ ಇಪ್ಪತ್ತೂ ಮರ ಅವನಿಗೇ ಒಪ್ಪಿಸಿದ್ದು,” ಎಂದಳು.

ನಾನು ಕೂರಿಸಿದ ಮೋಟಾರು ಅವನ ದೌರ್ಬಲ್ಯವನ್ನು ಬರೀ ಮುಚ್ಚಿರಲಿಲ್ಲ. ಅವನಲ್ಲಿಲ್ಲದ ಶಕ್ತಿಯನ್ನು ಊರಿಗೆಲ್ಲ ಸಾರುತ್ತಿತ್ತು. ಆದರೂ ಫೋನಿನಲ್ಲಿ ನಾನು ಬಾಯಿ ಬಿಡಲಿಲ್ಲ. ಬೆಳಿಗ್ಗೆ ನಾನೇ ಹೋಗಿ ಅವನನ್ನು ತಡೆಯುತ್ತೇನೆ ಎಂದುಕೊಂಡೆ.

ಮರುದಿನ ಎಂಟೂವರೆಗೆ ತಂಗಿಯ ಮನೆ ತಲುಪುವಷ್ಟರಲ್ಲಿ ಎರಡು ಮರದ ಕೊಯ್ಲು ಮುಗಿದಿತ್ತು. ಮೂರನೆಯದು ಬಾವಿಯ ಪಕ್ಕದ್ದು, ನಲವತ್ತೈದು ಅಡಿಗೆ ಕಡಿಮೆಯಿಲ್ಲ. ಮಾದೇವ ಗರಿಗಳಿಂದ ಎರಡು ಮಾರು ಕೆಳಗೆ ಮರವನ್ನು ತಬ್ಬಿಕೊಂಡು ಅಲುಗಾಡದೆ ನಿಂತಿದ್ದ. ಬಲಗಾಲು ಮರಕ್ಕೆ ಕಡಿದ ಕಚ್ಚಿನಲ್ಲಿತ್ತು. ಎಡಗಾಲು ಗಾಳಿಯಲ್ಲಿ ತೂಗುತ್ತಿತ್ತು.

“ಮಾದೇವಾ!”

“ಸುಬ್ರಾಯಣ್ಣನಾ? ಎಡಗಾಲು ಎಲ್ಲುಂಟು ನೋಡಿ. ನಂಗೆ ಗೊತ್ತಾಗ್ತಾ ಇಲ್ಲ.”

ತಂಗಿಯ ಗಂಡ ಇನ್ನೊಬ್ಬ ಕೊಯ್ಲಿನವನಾದ ಗಣಪುವನ್ನು ಕರೆತರಲು ಬೈಕ್ ಹತ್ತಿ ಓಡಿದ. ಮನೆಯ ಏಣಿ ಅರ್ಧ ಮರಕ್ಕೂ ಮುಟ್ಟುತ್ತಿರಲಿಲ್ಲ. ಶಾರದೆ ಬಾಯಿಗೆ ಸೆರಗು ಒತ್ತಿಕೊಂಡು ನಿಂತಿದ್ದಳು. ಮಾದೇವನ ತೋಳು ನಡುಗುವುದು ಕೆಳಗಿನಿಂದಲೇ ಕಾಣುತ್ತಿತ್ತು. ಮಾತು ನಿಂತರೆ ಅವನ ಕೈ ಬಿಡುತ್ತದೆ ಎಂಬ ಭಯ ನನಗೆ. ಏನು ಮಾತಾಡುವುದು? ಗೊತ್ತಿದ್ದದ್ದು ಒಂದೇ, ಆ ಸೈಕಲ್ಲಿನ ವಿಷಯ.

“ಒಂದು ಚಾರ್ಜಿಗೆ ಎಷ್ಟು ಕಿಲೋಮೀಟರ್ ಬರ್ತದೆ?”

“ಇಪ್ಪತ್ತೈದು.”

“ಏರಲ್ಲಿ?”

“ಏರಲ್ಲಿ... ಕಡಿಮೆ.”

“ಚಾರ್ಜ್ ಹಾಕೂದು ಎಲ್ಲಿ? ಬ್ಯಾಟರಿ ಬಿಸಿ ಆಗ್ತದಾ? ಹೇಳು ಮಾರಾಯ, ಸುಮ್ಮನಾಗ್ಬೇಡ!”

ಹೀಗೆ ಇಪ್ಪತ್ತು ನಿಮಿಷ. ನನ್ನ ಪ್ರಶ್ನೆಗಳೆಲ್ಲ ಮುಗಿದು ಮತ್ತೆ ಮೊದಲಿನಿಂದ ಕೇಳತೊಡಗಿದ್ದೆ. ಆ ಗಾಬರಿಯಲ್ಲಿ ಶಾರದೆಗೆ ಅವುಗಳ ಅರ್ಥ ಹೊಳೆದಂತಿರಲಿಲ್ಲ. ಗಣಪು ಬಂದವನೇ ಹತ್ತಿ, ಮಾದೇವನ ಸೊಂಟಕ್ಕೂ ಮರಕ್ಕೂ ಹಗ್ಗ ಸುತ್ತಿದ. ಮಾದೇವನ ಎಡಗಾಲನ್ನು ತನ್ನ ಭುಜದ ಮೇಲಿಟ್ಟುಕೊಂಡು ಮೊಳ ಮೊಳವಾಗಿ ಇಳಿಸಿದ. ನೆಲ ಮುಟ್ಟಿದ ಮಾದೇವ ನಿಲ್ಲಲಾರದೆ ಬಾವಿಕಟ್ಟೆಗೆ ಒರಗಿ ಕುಸಿದ. ಎದೆ, ಅಂಗೈ ಎಲ್ಲ ತರಚಿ ರಕ್ತ.

“ಒಂದ್ಸಲ ಕಾಲು ಜಾರ್ತು, ಅಷ್ಟೇಯ. ಉಳಿದದ್ದು ನಾಳೆ ಕೊಯ್ತೆ,” ಎಂದ.

ಆಗ ನಾನು ಎಲ್ಲರೆದುರು ಸೈಕಲ್ಲಿನ ಚೀಲ ಬಿಚ್ಚಿ ಬ್ಯಾಟರಿ ಹೊರತೆಗೆದೆ. “ಇದರಲ್ಲಿ ಮೋಟಾರ್ ಉಂಟು. ಹಾಕಿಕೊಟ್ಟವ ನಾನೇ. ಇವನ ಕಾಲಿಗೆ ಬಲ ಇಲ್ಲ,” ಎಂದೆ.

ಮಾದೇವ ನನ್ನತ್ತ ನೋಡಿದ ನೋಟವನ್ನು ಮರೆಯಲಾರೆ. “ನನ್ನ ಅನ್ನ ತೆಗೆದ್ರಿ, ಸುಬ್ರಾಯಣ್ಣ,” ಎಂದ. ಶಾರದೆ ನನ್ನ ಕಡೆ ತಿರುಗಿ, “ನಿಂಗೆ ಮೊದ್ಲೇ ಗೊತ್ತಿತ್ತಾ?” ಎಂದು ಒಂದೇ ಮಾತು ಕೇಳಿದಳು. ನಾನು ಗಣಪುವಿನ ಜೊತೆ ಸೇರಿ ಮಾದೇವನನ್ನು ಎಬ್ಬಿಸಿ ಆಸ್ಪತ್ರೆಗೆ ಹೊರಡಿಸಿದೆ.

ಬೆನ್ನುಮೂಳೆಯ ಡಿಸ್ಕ್ ಸರಿದು ಕಾಲಿನ ನರವನ್ನು ಒತ್ತುತ್ತಿದೆ ಎಂದು ಸ್ಕ್ಯಾನಿಂಗಿನಲ್ಲಿ ಗೊತ್ತಾಯಿತು. ಇನ್ನೂ ತಡ ಮಾಡಿದ್ದರೆ ಕಾಲು ಪೂರ್ತಿ ಹೋಗುತ್ತಿತ್ತು ಎಂದರಂತೆ ಡಾಕ್ಟರು. ಆಪರೇಷನ್ ಆಯಿತು. ಕಾಲು ಮುಕ್ಕಾಲು ಪಾಲು ಸರಿಹೋಯಿತು. ಮರ ಹತ್ತುವುದು ಅಲ್ಲಿಗೆ ನಿಂತಿತು. ಈಗ ಗಾಣದಿಂದ ಕೊಬ್ಬರಿ ಎಣ್ಣೆ ತಂದು ಅದೇ ಸೈಕಲ್ಲಿನಲ್ಲಿ ಮನೆಮನೆಗೆ ಮಾರುತ್ತಾನೆ. ಸುಮಾರು ಎಂಟು ತಿಂಗಳು ನನ್ನ ಜೊತೆ ಮಾತು ಬಿಟ್ಟಿದ್ದ. ಆಮೇಲೊಂದು ದಿನ ಬ್ರೇಕ್ ಸರಿಮಾಡಿಸಲು ಬಂದ.

ಮೋಟಾರು ಕೆಟ್ಟರೆ ಎಲ್ಲಿ ಕೆಟ್ಟಿದೆ ಎಂದು ಮೀಟರು ಹಿಡಿದು ಹುಡುಕುವುದು ನನ್ನ ವಿದ್ಯೆ. ಮೋಟಾರು ಕೇಳಿ ಬರುವ ಮನುಷ್ಯನನ್ನೂ ಅಷ್ಟೇ ಜಾಗ್ರತೆಯಿಂದ ವಿಚಾರಿಸಬೇಕೆಂದು ಕಲಿಯಲು ನನಗೆ ಇಪ್ಪತ್ತಾರು ವರ್ಷ ಮತ್ತು ಆ ಇಪ್ಪತ್ತು ನಿಮಿಷ ಬೇಕಾಯಿತು. ಕಾಣದಂತೆ ಮೋಟಾರು ಹಾಕಿಕೊಡಿ ಎನ್ನುವವರು ಈಗಲೂ ಬರುತ್ತಾರೆ. ಚಕ್ರದ ಅಳತೆ ತೆಗೆಯುವ ಮೊದಲು, ಯಾರಿಗೆ ಕಾಣಬಾರದು ಎಂದು ಕೇಳುತ್ತೇನೆ. ಕಳ್ಳರಿಗೆ ಎಂದರೆ ಕೆಲಸ ಹಿಡಿಯುತ್ತೇನೆ. ಉತ್ತರ ಹೇಳದೆ ತಲೆ ತಗ್ಗಿಸಿದರೆ ಸ್ಟೂಲ್ ಎಳೆದು ಕೂರಿಸಿ, ಎದುರಿನ ಹೋಟೆಲಿನಿಂದ ಎರಡು ಚಾ ತರಿಸುತ್ತೇನೆ.