ಫೋರ್ಟಿನಲ್ಲಿ ಮೊಟ್ಟೆ ಹುಡುಕಿದ ಬೆಳಗು

ತಾನು ಕ್ರಿಶ್ಚಿಯನ್ ಹುಡುಗನೊಬ್ಬನನ್ನು ಮದುವೆಯಾಗಬೇಕೆಂದಿದ್ದೇನೆ ಎಂದು ಮಗಳು ಹೇಳಿ ಕೆಲವು ತಿಂಗಳಾಗಿತ್ತು. ನಾನೂ ಅವಳಪ್ಪನೂ ಹೂಂ ಎನ್ನಲಿಲ್ಲ, ಊಹೂಂ ಎನ್ನಲೂ ಇಲ್ಲ. ದಹಿಸರದ ನಮ್ಮ ಸಣ್ಣ ಮನೆಯಲ್ಲಿ ಆ ಮಾತು ಒಣಗಲು ಹಾಕಿದ ಸೀರೆಯ ಹಾಗೆ ನಡುವೆಯೇ ತೂಗುತ್ತಿತ್ತು. ಎಲ್ಲರೂ ಬಗ್ಗಿ ದಾಟಿಕೊಂಡು ಓಡಾಡುತ್ತಿದ್ದೆವು.

ಈಸ್ಟರಿನ ಹಿಂದಿನ ದಿನ ಅವಳು, "ಅಮ್ಮಾ, ನಾಳೆ ಫೋರ್ಟಿಗೆ ಬಾ ನಾ ನನ್ ಜೊತೆ. ನಮ್ ಗ್ರೂಪ್‌ದು ಮೀಟ್ ಇದೆ. ಅವನ ಮಮ್ಮಿ ಭೀ ಬರ್ತಾರೆ," ಎಂದಳು. ಅವಳ ಕನ್ನಡ ಹೀಗೆಯೇ, ಅರ್ಧ ದಾರಿಯಲ್ಲಿ ಹಿಂದಿಗೆ ಇಳಿದುಬಿಡುತ್ತದೆ.

ಅವರದು ಜಿಯೋಕ್ಯಾಶಿಂಗ್ ಎಂಬ ಆಟ. ಒಬ್ಬರು ಊರಲ್ಲೆಲ್ಲೋ ಒಂದು ಡಬ್ಬಿ ಬಚ್ಚಿಟ್ಟು ಆ ಜಾಗದ ಗುರುತನ್ನು ಆ್ಯಪಿನಲ್ಲಿ ಹಾಕುತ್ತಾರೆ. ಉಳಿದವರು ಮೊಬೈಲಿನ ಬಾಣ ತೋರಿಸಿದತ್ತ ನಡೆದು ಅದನ್ನು ಹುಡುಕಬೇಕು. ಹಬ್ಬವೆಂದು ಆ ದಿನ ಡಬ್ಬಿಗಳ ಬದಲು ಬಣ್ಣದ ಪ್ಲಾಸ್ಟಿಕ್ ಮೊಟ್ಟೆಗಳನ್ನು ಬಚ್ಚಿಟ್ಟಿದ್ದರು.

ಊರಿನ ಆಫೀಸುಗಳೆಲ್ಲ ಇರುವ ಫೋರ್ಟನ್ನು ಭಾನುವಾರ ನಾನು ನೋಡಿರಲಿಲ್ಲ. ಎಲ್ಲದರ ಶಟರ್ ಎಳೆದಿತ್ತು. ಬೀದಿಗಳು ಯಾರದೋ ನಿದ್ದೆಯೊಳಗಿನ ಬೀದಿಗಳಂತಿದ್ದವು. ಪಾರಿವಾಳ ರೆಕ್ಕೆ ಬಡಿದರೂ ಗಲ್ಲಿಯ ಆ ತುದಿಗೆ ಕೇಳುತ್ತಿತ್ತು. ಹುಡುಗ ಎದುರು ಬಂದವನು ಕಾಲು ಮುಟ್ಟಲೋ ಕೈಮುಗಿಯಲೋ ತಿಳಿಯದೆ ಎರಡನ್ನೂ ಅರ್ಧರ್ಧ ಮಾಡಿದ. ಮಗಳು ನನ್ನನ್ನೂ ಅವನ ತಾಯಿಯನ್ನೂ ಒಂದು ಜೋಡಿ ಮಾಡಿ, ಮೊಬೈಲ್ ಕೈಗಿತ್ತು ಮಾಯವಾದಳು.

ಅವನ ತಾಯಿ ಮಂಗಳೂರಿನವರು, ಸುಮಾರು ನನ್ನದೇ ವಯಸ್ಸು. ಅವರ ಮನೆಮಾತು ಕೊಂಕಣಿ, ನನ್ನದು ಕುಂದಾಪುರದ ಮಾತು. ಎರಡನ್ನೂ ಬದಿಗಿಟ್ಟು ಶಾಲೆಯಲ್ಲಿ ಕಲಿತ ಕನ್ನಡದಲ್ಲಿ ಮಾತಾಡುತ್ತ ನಡೆದೆವು. ಎತ್ತರದ ಕಟ್ಟಡಗಳ ನಡುವೆ ಬಾಣ ದಿಕ್ಕು ತಪ್ಪಿ ಸುತ್ತುತ್ತಿತ್ತು. ಬಿಟ್ಟ ಗಲ್ಲಿಗೇ ಮತ್ತೆ ಬಂದೆವು. ಬಿಸಿಲು ಇನ್ನೂ ಎಳೆಯದು. ಅವಸರವೆಂಬುದನ್ನು ಊರೇ ಮರೆತಿರುವಂತಿತ್ತು.

ಒಂದು ಆಲದ ಬುಡದಲ್ಲಿ ಬಗ್ಗಿ ನೋಡುತ್ತಿದ್ದಾಗ ಎದುರಿನ ಬಿಲ್ಡಿಂಗಿನ ವಾಚ್‌ಮನ್ ಎದ್ದು ಬಂದ. ನಮ್ಮ ಮಾತು ಅವನಿಗೆ ಕೇಳಿಸಿತ್ತು, ಬಿಜಾಪುರದ ಕಡೆಯವನು.

"ಏನ್ ಕಳಕೊಂಡೀರಿ, ಅಕ್ಕಾರ?"

"ಏನೂ ಕಳೆದಿಲ್ಲ ಮಾರಾಯ್ರೆ, ಸುಮ್ಮನೆ ಹುಡುಕುವುದು," ಎಂದರು ಅವರು.

"ಹಂಗಾರ ಹುಡುಕ್ರಿ," ಎಂದು ಅವನು ಹೋಗಿ ಕುರ್ಚಿಯಲ್ಲಿ ಕೂತ.

ನಮಗೆ ನಗು ತಡೆಯಲಾಗಲಿಲ್ಲ. ಮರದ ಕಟ್ಟೆಯ ಮೇಲೆ ಕೂತು ಕಣ್ಣೊರೆಸಿಕೊಂಡೆವು. ನಗು ಇಳಿದ ಮೇಲೆ ಅವರು ಮೆಲ್ಲಗೆ, "ನಮ್ಮನ್ನು ಯಾಕೆ ಜೋಡಿ ಮಾಡಿದ್ದು ಅಂತ ಗೊತ್ತುಂಟಲ್ಲ ನಿಮಗೆ?" ಎಂದರು.

"ಗೊತ್ತುಂಟು."

"ನನಗೂ ಮೊದಲು ಬೇಡವೇ ಇತ್ತು. ಮಗನತ್ರ ಮಾತು ಬಿಟ್ಟಿದ್ದೆ. ಆಮೇಲೆ ನನಗೆ ಜ್ವರ ಬಂದಾಗ ನಿಮ್ಮ ಮಗಳು ಬಂದು ಗಂಜಿ ಬೇಯಿಸಿ ಕೊಟ್ಟಳು. ಉಪ್ಪು ಹಾಕ್ಲಿಕ್ಕೇ ಮರೆತಿದ್ದಳು. ಆದ್ರೆ ನಾನು ಉಂಡು ಮುಗಿಸುವವರೆಗೆ ಪಕ್ಕದಿಂದ ಏಳಲಿಲ್ಲ."

ನಮ್ಮ ಮನೆಯಲ್ಲಿ ಅವಳು ಚಹಾಕ್ಕೂ ನೀರಿಟ್ಟವಳಲ್ಲ. ಯಾರೋ ಬೇರೆ ಹುಡುಗಿಯ ಕಥೆ ಕೇಳಿದ ಹಾಗಾಯಿತು. ಆ ಹುಡುಗಿಯನ್ನು ನೋಡಬೇಕೆನಿಸಿತು.

ಏಳಲೆಂದು ಕೈಯೂರಿದಾಗ ಬಿಳಲುಗಳ ಸಂದಿಯಲ್ಲಿ ಹಳದಿ ಮೊಟ್ಟೆ ಬೆರಳಿಗೆ ತಾಗಿತು. ಒಳಗಿದ್ದ ಮಾರ್ಜಿಪಾನ್ ಎಂಬ ಗೋಡಂಬಿ ಮಿಠಾಯಿ ಮೆತ್ತಗಾಗಿತ್ತು. ಆಟದ ನಿಯಮ ಏನಿತ್ತೋ, ಮುರಿದು ಇಬ್ಬರೂ ಅಲ್ಲೇ ತಿಂದುಬಿಟ್ಟೆವು.

ಮರಳುವಾಗ ಲೋಕಲ್ ಟ್ರೇನಿನಲ್ಲಿ ಕಿಟಕಿಯ ಬಳಿ ಸೀಟು ಸಿಕ್ಕಿತು. ಅಂಧೇರಿ ದಾಟಿದ ಮೇಲೆ ಮಗಳು ಹೊರಗೆ ನೋಡುತ್ತಲೇ, "ಆಂಟಿ ಹೇಗೆ ಅನ್ಸಿದ್ರು ಅಮ್ಮಾ?" ಎಂದಳು.

"ಬರುವ ಭಾನುವಾರ ಇಬ್ಬರನ್ನೂ ಊಟಕ್ಕೆ ಕರಿ," ಎಂದೆ.

ಅವಳು ನನ್ನ ಹೆಗಲಿಗೆ ತಲೆಯಾನಿಸಿದಳು. ದಹಿಸರ್ ಬರುವವರೆಗೂ ಹಾಗೆಯೇ ಇದ್ದಳು.

ಅವಳಪ್ಪ ಒಪ್ಪಲು ಇನ್ನಷ್ಟು ದಿನ ಹಿಡಿಯಿತು. ಮಳೆಗಾಲ ಮುಗಿದ ಮೇಲೆ ರಿಜಿಸ್ಟರ್ ಮದುವೆಯಾಯಿತು. ಅಂದು ತೆಗೆದ ಫೋಟೊದಲ್ಲಿ ನಾವಿಬ್ಬರು ತಾಯಂದಿರು ಕಚೇರಿಯ ಮೆಟ್ಟಿಲ ಮೇಲೆ ಕೈಹಿಡಿದು ನಿಂತಿದ್ದೇವೆ, ಕ್ಯಾಮೆರಾ ಬಿಟ್ಟು ಬೇರೆಲ್ಲೋ ನೋಡುತ್ತ.