ಹೆಜ್ಜೇನಿನ ಮುಂದೆ ನಿಂತದ್ದು

ಬೆಳಿಗ್ಗೆ ಪಕ್ಕದ ಮನೆಯವರು ಸ್ನಾನದ ಹಂಡೆಯ ಒಲೆಗೆ ತೆಂಗಿನ ಸಿಪ್ಪೆ ಹಾಕಿದ್ದರು. ಸಿಪ್ಪೆ ಹಸಿಯಿದ್ದಿರಬೇಕು, ಹೊಗೆ ಗೋಡೆ ಹಾರಿ ನಮ್ಮ ಅಡುಗೆಮನೆಗೇ ಬಂತು. ಬೇರೆ ದಿನವಾಗಿದ್ದರೆ ಕಿಟಕಿ ಮುಚ್ಚಿ ಎರಡು ಮಾತು ಗೊಣಗುತ್ತಿದ್ದೆ. ಇವತ್ತು ಕಾಫಿ ಲೋಟ ಹಿಡಿದು ಅಲ್ಲೇ ಕೂತೆ. ಹಸಿ ಸಿಪ್ಪೆಯ ಹೊಗೆ ನನ್ನನ್ನು ಯಗಟಿ ಕಡೆಯ ಒಂದು ನೀರಿನ ಟ್ಯಾಂಕಿನ ಬುಡಕ್ಕೆ ಕರೆದುಕೊಂಡು ಹೋಗುತ್ತದೆ. ನೀವೂ ಬನ್ನಿ, ಆದರೆ ಸ್ವಲ್ಪ ದೂರದಲ್ಲೇ ನಿಲ್ಲಿ.

ಆಗ ನಾನು ಕಡೂರಿನಲ್ಲಿ ಆಂಬುಲೆನ್ಸ್ ನರ್ಸ್. ಕೆಲಸಕ್ಕೆ ಸೇರಿ ಮೂರು ತಿಂಗಳಾಗಿತ್ತು. ತರಬೇತಿಯಲ್ಲಿ ನಾನೇ ಮೊದಲಿಗಳು. ಅಪಾಯದ ಜಾಗದಲ್ಲಿ ಗಾಯಾಳುವನ್ನು ಹೇಗೆ ನೋಡಬೇಕು ಎಂಬ ಪಾಠವನ್ನು ಮಗ್ಗಿ ಒಪ್ಪಿಸಿದ ಹಾಗೆ ಒಪ್ಪಿಸಿ, ಮೇಷ್ಟ್ರಿಂದ ಶಹಭಾಸ್ ಅನ್ನಿಸಿಕೊಂಡಿದ್ದೆ. ಡ್ರೈವರ್ ರಂಗಪ್ಪನವರು ಬೀರೂರಿನವರು, ಓದಿದ್ದು ಏಳನೇ ಕ್ಲಾಸು. ಅವರಿಗೊಂದು ಅಭ್ಯಾಸವಿತ್ತು. ತರೀಕೆರೆ ರಸ್ತೆಯಲ್ಲಿ ಬೈಕ್ ಬಿದ್ದಿರಲಿ, ಅಜ್ಜಂಪುರದಲ್ಲಿ ಗೋಡೆ ಕುಸಿದಿರಲಿ, ಗಾಡಿಯಿಂದ ಇಳಿದವರೇ ಸೊಂಟದ ಮೇಲೆ ಕೈಯಿಟ್ಟು, ಎತ್ತು ಕೊಳ್ಳಲು ಬಂದವರ ಹಾಗೆ ಸುತ್ತ ಒಮ್ಮೆ ನೋಡುತ್ತಿದ್ದರು. ನನಗೆ ಮೈಯೆಲ್ಲ ಉರಿಯುತ್ತಿತ್ತು. ಈ ಮನುಷ್ಯನಿಗೆ ಅವಸರ ಅನ್ನುವುದೇ ಇಲ್ಲ ಎಂದು ಮನೆಯಲ್ಲಿ ದೂರಿದ್ದೂ ಉಂಟು.

ಅದೊಂದು ಶುಕ್ರವಾರ, ಬೆಳಿಗ್ಗೆ ಹನ್ನೊಂದರ ಹೊತ್ತು. ಯಗಟಿ ಕಡೆಯ ಆ ಊರಿಗೆ ನೀರು ಬಿಡುವ ನೀರುಗಂಟಿ ಸಿದ್ದಪ್ಪ ಟ್ಯಾಂಕು ತೊಳೆಯಲು ಏಣಿ ಹತ್ತಿದ್ದಾನೆ. ಟ್ಯಾಂಕಿನ ಹೊಟ್ಟೆಯಡಿ ಕಟ್ಟಿದ್ದ ಹೆಜ್ಜೇನು ಎದ್ದಿದೆ. ಅರ್ಧ ಏಣಿಯಿಂದ ಬಿದ್ದ ಸಿದ್ದಪ್ಪನ ತೊಡೆಯನ್ನು ಏಣಿಯ ಕಿತ್ತುಹೋದ ಕಂಬಿ ಸೀಳಿದೆ. ನಾವು ಹೋದಾಗ ಅವನು ಬುಡದಲ್ಲಿ ಬಿದ್ದಿದ್ದ, ಅವನ ಮೇಲೆ ಹುಳಗಳು ಇನ್ನೂ ಗುಂಯ್ ಎನ್ನುತ್ತಿದ್ದವು. ದೂರದಿಂದಲೇ ರಕ್ತ ಕಾಣುತ್ತಿತ್ತು. ಅವನ ಹೆಂಡತಿ ಲಕ್ಕಮ್ಮ ನನ್ನ ಕೈ ಹಿಡಿದು ಜಗ್ಗಿದಳು.

“ನೋಡ್ಕಂಡು ನಿಂತ್ಕಂಬ್ಯಾಡ ನರ್ಸಮ್ಮಾ, ಹೋಗವ್ವಾ! ನನ್ ಗಂಡ ಹೋಗ್ಬಿಡ್ತಾನೆ!”

ನಾನು ಓಡಿದೆ. ಮೊದಲ ಸ್ಥಾನ ತಂದ ಪಾಠ, ಮೇಷ್ಟ್ರ ಶಹಭಾಸ್, ಒಂದೂ ನೆನಪಾಗಲಿಲ್ಲ. ನಾಲ್ಕು ಹೆಜ್ಜೆ ಹೋಗಿರಬಹುದು, ಹಿಂದಿನಿಂದ ಯಾರೋ ನನ್ನ ಬ್ಯಾಗಿನ ಪಟ್ಟಿ ಎಳೆದ ರಭಸಕ್ಕೆ ಮಣ್ಣಿನಲ್ಲಿ ಕೂತುಬಿಟ್ಟೆ.

“ನೀವೂ ಬಿದ್ರೆ ನಾನ್ ಯಾರ್ನ ಎತ್ಲಿ ಸಿಸ್ಟರಮ್ಮ? ಮೊದ್ಲು ತಲೇಲಿರೋ ಹೂವ ತೆಗೀರಿ” ಎಂದರು ರಂಗಪ್ಪ.

ಶುಕ್ರವಾರವಲ್ಲವೇ, ಮೊಳ ಮಲ್ಲಿಗೆ ಮುಡಿದಿದ್ದೆ! ಆ ಘಮಕ್ಕೆ ಹೆಜ್ಜೇನಿನ ಪರಿವಾರವೆಲ್ಲ ನನ್ನ ತಲೆಗೇ ಬರುತ್ತಿತ್ತು. ಅಷ್ಟರಲ್ಲಿ ಊರವರು ಎರಡು ಕಂಬಳಿ ತಂದರು. ಕುರಿ ಸಾಕುವ ಸೀಮೆ ನಮ್ಮದು. ಚಳಿಗೆ, ಮಳೆಗೆ, ಪಂಚಾಯ್ತಿ ಕೂರಲು, ಎಲ್ಲಕ್ಕೂ ಕಂಬಳಿಯೇ. ರಂಗಪ್ಪ ಅವನ್ನು ಅತ್ತ ಸರಿಸಿದರು.

“ಕರೀದು ಬ್ಯಾಡ ಕಣ್ರೋ. ಕರಡಿ ಬಂತು ಅನ್ಕಂಡು ಇನ್ನೂ ಕೆರಳ್ತಾವೆ. ಬಿಳೀ ಪಂಚೆ ತನ್ನಿ. ಗಾಳಿ ಬರೋ ಕಡೆ ಸಿಪ್ಪೆ ಹಚ್ಚಿ, ಮೇಲೆ ಹಸಿ ಹುಲ್ಲು ಹಾಕಿ.”

ಹೊಗೆ ಏಳಲು ಎಷ್ಟು ಹೊತ್ತಾಯಿತೋ ಹೇಳಲಾರೆ. ಲಕ್ಕಮ್ಮ ನಮ್ಮಿಬ್ಬರ ವಂಶವನ್ನೆಲ್ಲ ಎಳೆದು ಬೈಯುತ್ತಿದ್ದಳು. ಅವಳದ್ದೇನೂ ತಪ್ಪಿಲ್ಲ. ಗಂಡನ ರಕ್ತ ಮಣ್ಣಿಗೆ ಇಳಿಯುತ್ತಿರುವಾಗ ತಲೆ ಮೈಗೆಲ್ಲ ಪಂಚೆ ಸುತ್ತಿಕೊಳ್ಳುತ್ತ ನಿಂತವರನ್ನು ನಾನಾದರೂ ಬೈಯುತ್ತಿದ್ದೆ. ನನಗೆ ಭಯಕ್ಕಿಂತ ನಾಚಿಕೆ ಹೆಚ್ಚಾಗಿತ್ತು.

ಹೊಗೆಯೊಳಗೆ ಹೋದ ಮೇಲೆ ಮಾತ್ರ ಪಾಠ ತಾನಾಗಿ ಕೈಗೆ ಬಂತು. ಅಪಾಯದ ಜಾಗದಲ್ಲಿ ಚಿಕಿತ್ಸೆ ಎಂದರೆ ಒಂದೇ, ಚಿಮ್ಮುವ ರಕ್ತ ನಿಲ್ಲಿಸುವುದು. ನಾಡಿ, ಬಿ.ಪಿ. ಎಲ್ಲ ಆಮೇಲೆ. ಗಾಯದ ಮೇಲ್ಭಾಗಕ್ಕೆ ಬಟ್ಟೆ ಕಟ್ಟಿ, ಗಂಟಿಗೆ ಕತ್ತರಿ ಸಿಕ್ಕಿಸಿ, ರಕ್ತ ನಿಲ್ಲುವ ತನಕ ತಿರುವಿದೆ. ಸಿದ್ದಪ್ಪ ಕಿರುಚಿದ. ಕಿರುಚಿದನಲ್ಲಾ, ಉಸಿರಿದೆ ಎಂದು ನನಗೆ ಖುಷಿಯೇ ಆಯಿತು. ಬೆನ್ನು ಬಾಗದಂತೆ ಪಂಚೆಯ ಮೇಲೆ ಮಲಗಿಸಿ ಇಬ್ಬರೂ ನೇರವಾಗಿ ಎಳೆದೆವು. ನನಗೆ ಆರು ಕಡೆ ಹುಳ ಕಚ್ಚಿತ್ತು, ರಂಗಪ್ಪನವರ ಕಿವಿ ಹಲಸಿನ ತೊಳೆಯಷ್ಟು ಊದಿತ್ತು.

ಹುಳಗಳಿಂದ ದೂರ, ಊರ ಶಾಲೆಯ ಜಗಲಿಗೆ ಬಂದ ಮೇಲೆ ಉಳಿದದ್ದೆಲ್ಲ. ಬಾಯಿ, ಎದೆ, ಬೆನ್ನು ನೋಡಿದೆ. ಹುಳದ ನಂಜಿಗೆ ತುಟಿ ಊದಿ ಉಸಿರು ಸಿಳ್ಳೆ ಹಾಕುತ್ತಿತ್ತು. ಫೋನಿನಲ್ಲಿ ಡಾಕ್ಟರು ಹೇಳಿದಂತೆ ಇನ್ನೊಂದು ತೊಡೆಗೆ ಇಂಜೆಕ್ಷನ್ ಕೊಟ್ಟೆ. ಯಾರೋ ಗಾಯಕ್ಕೆ ಒತ್ತಲು ಕಾಫಿಪುಡಿಯ ಡಬ್ಬಿ ತಂದರು, ವಾಪಸು ಕಳಿಸಿದೆ. ಬಟ್ಟೆ ಬಿಗಿದ ಸಮಯವನ್ನು ಆಸ್ಪತ್ರೆಯವರಿಗೆ ತಿಳಿಯಲೆಂದು ಅವನ ಹಣೆಯ ಮೇಲೆ ಪೆನ್ನಿನಿಂದ ಬರೆದೆ. ಲಕ್ಕಮ್ಮ ಅಳುತ್ತಲೇ ಕೇಳಿದಳು: “ಹಣೇಲಿ ಆ ಬ್ರಹ್ಮ ಬರ್ದಿದ್ದು ಸಾಲ್ದು ಅಂತ ನೀನೂ ಬರೀತೀಯೇನವ್ವಾ?”

ಸಿದ್ದಪ್ಪ ಉಳಿದ. ಕಾಲೂ ಉಳಿಯಿತು. ಸ್ವಲ್ಪ ಕುಂಟುತ್ತಾನೆ, ಟ್ಯಾಂಕು ಮಾತ್ರ ಹತ್ತುವುದಿಲ್ಲ.

ಈಗ ನಾನು ಅಪಾಯದ ಜಾಗದ ಈ ಪಾಠವನ್ನೇ ಕಲಿಸುತ್ತೇನೆ. ಆಶಾ ಕಾರ್ಯಕರ್ತೆಯರಿಗೆ, ಕಾಲೇಜಿನವರಿಗೆ, ಚೆನ್ನಾಗಿಯೇ ಕಲಿಸುತ್ತೇನೆ, ಆ ವಿಷಯದಲ್ಲಿ ನನಗೆ ಸಂಕೋಚವಿಲ್ಲ. ಆದರೆ ಎಲ್ಲ ಕ್ಲಾಸಿನಲ್ಲೂ ಹೆಜ್ಜೇನಿನ ಕಥೆ ಹೇಳುವಾಗ ಒಂದು ಸಣ್ಣ ತಿದ್ದುಪಡಿ ಮಾಡುತ್ತಿದ್ದೆ. ‘ನಾನು ಓಡಲಿಲ್ಲ, ನಿಂತೆ, ಸುತ್ತ ನೋಡಿದೆ’ ಎಂದು. ಮೊದಲ ಸಲ ಬಾಯಿ ತಪ್ಪಿ ಬಂದದ್ದು, ಆಮೇಲೆ ರೂಢಿಯಾಯಿತು. ಹೋದ ವಾರ ಅಜ್ಜಂಪುರದಲ್ಲಿ ಒಬ್ಬಳು ಎದ್ದು, “ನಮ್ಮೋರೇ ಬಿದ್ದಿದ್ರೆ ನಿಲ್ಲೋಕೆ ಆಗುತ್ತಾ ಮೇಡಂ? ನೀವ್ ಹೆಂಗ್ ನಿಂತ್ರಿ?” ಎಂದು ಕೇಳಿದಳು. ಅವಳ ಮುಖ ನೋಡಿ ಸುಳ್ಳು ಹೇಳಲಾಗಲಿಲ್ಲ. “ನಿಲ್ಲಲಿಲ್ಲಮ್ಮ, ಓಡಿದೆ. ಹಿಡಿದು ನಿಲ್ಲಿಸಿದವರು ಬೇರೆ. ನೀವೂ ಒಬ್ಬೊಬ್ಬರೇ ಹೋಗಬೇಡಿ, ಎಳೆಯುವವರೊಬ್ಬರು ಹಿಂದಿರಲಿ” ಎಂದೆ. ಅವತ್ತು ಈ ಮಾತೇ ಬೆಳೆದು ಬ್ಯಾಂಡೇಜಿನ ಪಾಠ ಊಟದ ನಂತರಕ್ಕೆ ಹೋಯಿತು.

ಇದೆಲ್ಲ ನೆನೆಯುವಷ್ಟರಲ್ಲಿ ಕೈಯಲ್ಲಿದ್ದ ಕಾಫಿ ಆರಿಹೋಗಿತ್ತು. ರಂಗಪ್ಪನವರಿಗೆ ಫೋನ್ ಮಾಡಿದೆ. ರಿಟೈರಾಗಿ ಬೀರೂರಿನಲ್ಲೇ ಇದ್ದಾರೆ. ಇಷ್ಟು ವರ್ಷ ಅವರ ಬುದ್ಧಿಯನ್ನು ನನ್ನದೆಂದು ಹೇಳಿಕೊಂಡು ತಿರುಗಿದ್ದನ್ನು ಒಂದೇ ಉಸಿರಿಗೆ ಒಪ್ಪಿಸಿಬಿಟ್ಟೆ.

ಅವರು ನಕ್ಕರು. “ಗೊತ್ತು ಬಿಡ್ರಮ್ಮ. ಎರಡು ವರ್ಷದ ಹಿಂದೆ ನಮ್ ಸೊಸೆ ನಿಮ್ ಕ್ಲಾಸಿಗೆ ಬಂದಿದ್ಳು. ‘ಆ ಮೇಡಂ ಒಂದ್ ಹೆಜ್ಜೆನೂ ಮುಂದಿಡ್ದೆ ನಿಂತಿದ್ರಂತೆ, ಹೌದಾ ಮಾವಾ’ ಅಂತ ಕೇಳಿದ್ಳು.”

“ನೀವೇನಂದಿರಿ?”

“‘ಹೂಂ ಕಣಮ್ಮ, ನಿಂತಿದ್ರು, ನಾನೇ ನೋಡಿದೀನಿ’ ಅಂದೆ.”